ತಾಯಿಯ ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನೈಟ್ ಶಿಫ್ಟ್ ಮುಗಿಸಿ ಮಲಗಿದರೆ ಎದೆ ಒಂದು ಬಡಿತ ಬಿಟ್ಟು 'ಧಡ್' ಅನ್ನುತ್ತದೆ. ರಾತ್ರಿ ನಾಲ್ಕೈದು ಟೀ ಆಗುತ್ತದೆ. ಇಸಿಜಿ ನಾರ್ಮಲ್ ಬಂತು. ಇದು ಹಾರ್ಟ್ ಅಟ್ಯಾಕ್ ಸೂಚನೆಯೆ? ಅಮ್ಮನಿಗೂ ನಾಡಿ ಅಡ್ಡಾದಿಡ್ಡಿ. ವಾಲ್ವ್ ಕಿರಿದಾಗಿದೆಯೆಂದು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು. ನೋವೇನೂ ಇಲ್ಲವೆಂದು ಅವರೇ ಬಿಟ್ಟಿದ್ದಾರೆ.
– ಓದುಗರು, ಚಂದಾಪುರ

ಉತ್ತರ: ನಿಮಗಿಂತ ನಿಮ್ಮ ತಾಯಿಯವರ ವಿಷಯವೇ ನನಗೆ ಹೆಚ್ಚು ಆತಂಕ ತಂದಿದೆ. ಆದರೂ ನಿಮ್ಮದನ್ನು ಮೊದಲು ಹೇಳಿಬಿಡುತ್ತೇನೆ.

ಹೃದಯದ ಬಲ ಮೇಲ್ಕೋಣೆಯ ಸೈನಸ್ ನೋಡ್ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಕೊಡುತ್ತದೆ. ಬೇರೆಲ್ಲಿಂದಲೋ ಒಂದು ಸಂಕೇತ ಅವಧಿಗೆ ಮುಂಚೆ ಹೊರಟರೆ ಅದು ಎಕ್ಟೋಪಿಕ್ ಬಡಿತ. ಅದಾದ ಮೇಲೆ ಚಿಕ್ಕ ಬಿಡುವು. ಅಷ್ಟರಲ್ಲಿ ತುಂಬಿಕೊಂಡ ರಕ್ತವನ್ನು ಮುಂದಿನ ಬಡಿತ ಜೋರಾಗಿ ತಳ್ಳುತ್ತದೆ. ನಿಮ್ಮ 'ಧಡ್' ಬಹುಶಃ ಅದೇ. ಹಾರ್ಟ್ ಅಟ್ಯಾಕ್ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ, ಅದು ಬೇರೆ. ನಿದ್ದೆಗೇಡು, ಟೀ, ಸಿಗರೇಟು, ಮದ್ಯ ಎಕ್ಟೋಪಿಕ್ ಬಡಿತಕ್ಕೆ ಕುಮ್ಮಕ್ಕು. ರಕ್ತಹೀನತೆ, ಥೈರಾಯ್ಡ್, ಪೊಟ್ಯಾಷಿಯಂ ಪರೀಕ್ಷೆ ಮಾಡಿಸಿ. ಒಮ್ಮೆ ಹೃದಯದ ಸ್ಕ್ಯಾನ್ ಆದ ಎಕೋ ಆಗಲಿ. ಬಡಿತ ಸರಿಯಿದ್ದಾಗ ತೆಗೆದ ಇಸಿಜಿ ನಾರ್ಮಲ್ಲೇ ಬರುತ್ತದೆ. ಹಾಗಾಗಿ 24 ಗಂಟೆ ಎದೆಗೆ ಕಟ್ಟಿಕೊಳ್ಳುವ ಹೋಲ್ಟರ್ ಕೇಳಿ. ಇದ್ದಕ್ಕಿದ್ದಂತೆ 150 ದಾಟಿ ಓಡಿ, ತಟ್ಟನೆ ನಿಲ್ಲುವ ಎಸ್‌ವಿಟಿ ಎಂಬ ಬಗೆಯೂ ಉಂಟು. ಅದಕ್ಕೆ ಚಿಕಿತ್ಸೆ ಬೇರೆ.

ತಾಯಿಯವರದು ಏಟ್ರಿಯಲ್ ಫಿಬ್ರಿಲೇಷನ್ ಇರಬೇಕು. ನಮ್ಮಲ್ಲಿ ಚಿಕ್ಕಂದಿನ ಗಂಟಲು ಸೋಂಕಿನ ಬೆನ್ನಿಗೆ ಬರುವ ಕೀಲುವಾತದ ಜ್ವರ ಎಷ್ಟೋ ಹೆಂಗಸರ ಮೈಟ್ರಲ್ ವಾಲ್ವನ್ನು ಕೆಡಿಸಿದೆ. ಫಿಬ್ರಿಲೇಷನ್ ಆದಾಗ ಮೇಲ್ಕೋಣೆ ಸರಿಯಾಗಿ ಕುಗ್ಗದೆ ಬರೀ ಅದುರುತ್ತದೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ನೋವಿಲ್ಲದಿರುವುದು ಇಲ್ಲಿ ಧೈರ್ಯ ಕೊಡುವ ಸಂಗತಿಯಲ್ಲ. ನಾಳೆಯೇ ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿ ಕರೆದೊಯ್ಯಿರಿ. ಬಿಟ್ಟ ದಿನಗಳದ್ದನ್ನೆಲ್ಲ ಸೇರಿಸಿ ನುಂಗಿಸಬೇಡಿ. ರಕ್ತ ಎಷ್ಟು ತೆಳುವಾಗಿದೆಯೆಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಮಂಡಿನೋವಿಗೆಂದು ಮೆಡಿಕಲ್‌ನಿಂದ ನೀವೇ ಮಾತ್ರೆ ತರಬೇಡಿ, ರಕ್ತಸ್ರಾವವಾದೀತು. ಹೃದಯದ ತಾಳಗೇಡಿಗೆಂದೇ ಇರುವ ತಜ್ಞರು ನಿಮ್ಮ ಪಕ್ಕದ ನಾರಾಯಣ ಹೃದಯಾಲಯದಲ್ಲೂ ಜಯದೇವ ಆಸ್ಪತ್ರೆಯಲ್ಲೂ ಸಿಗುತ್ತಾರೆ.

ನಿಮ್ಮಿಬ್ಬರಲ್ಲಿ ಯಾರಿಗಾದರೂ ಬಡಿತದ ಜೊತೆ ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ಹಿಂಡಿದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.