ಗುಲಾಬಿಯ ನುಸಿ ಮತ್ತು ಬೂದಿರೋಗ: ವಿಷವಿಲ್ಲದ ನಿಯಂತ್ರಣ

ಜಾಲಹಳ್ಳಿಯೆಂದೊಡನೆ ಇಂದಿನವರಿಗೆ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳೂ ವಾಯುಪಡೆಯ ನೆಲೆಯೂ ನೆನಪಿಗೆ ಬರುವುದು ಸಹಜವೇ ಆದರೂ, ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರದಲ್ಲಿ ಹರಡಿರುವ ಈ ಕೆಂಪುಮಣ್ಣಿನ ಸೀಮೆಯು, ಬೇಸಗೆಯಲ್ಲಿ ಅತಿಯಾಗಿ ಕಾಯದೆ ಮಾಗಿಯಲ್ಲಿ ಹೂ ಬಾಡುವಷ್ಟು ಕೊರೆಯದೆ ಇರುವ ಕಾರಣದಿಂದ, ಗುಲಾಬಿಯ ಕೃಷಿಗೆ ಬಹುಕಾಲದಿಂದ ಒಪ್ಪಿದ ನೆಲವಾಗಿದೆ. ಊರಿನ ಹೊಲಗಳು ಕಾರ್ಖಾನೆಗಳಾಗಿ, ವಸತಿಗಳಾಗಿ ಮಾರ್ಪಟ್ಟ ಮೇಲೆ ಬೆಳೆಯು ಹೊರಹೊರಕ್ಕೆ ಸರಿದು, ಇಂದು ಹೆಸರಘಟ್ಟ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳವರೆಗೂ ಬಯಲಿನ ಬಿಡಿಹೂವಿನ ಗುಲಾಬಿಯಾಗಿಯೂ ಪಾಲಿಹೌಸಿನ ಉದ್ದಕಾಂಡದ ಡಚ್ ಗುಲಾಬಿಯಾಗಿಯೂ ವ್ಯಾಪಿಸಿ, ಕೃಷ್ಣರಾಜ ಮಾರುಕಟ್ಟೆಗೂ ಹೆಬ್ಬಾಳದ ಪುಷ್ಪ ಹರಾಜು ಕೇಂದ್ರಕ್ಕೂ ಹೂವನ್ನು ಒದಗಿಸುತ್ತಿದೆ. ಈ ಬೆಳೆಯನ್ನು ಕಾಡುವ ಉಪದ್ರವಗಳು ಹಲವಿದ್ದರೂ, ಕೃಷಿಕನ ಹಣವನ್ನೂ ನೆಮ್ಮದಿಯನ್ನೂ ವರ್ಷವಿಡೀ ಕಸಿಯತಕ್ಕವು ಮುಖ್ಯವಾಗಿ ಎರಡು: ಶುಷ್ಕಕಾಲದ ಕೆಂಪು ನುಸಿ ಒಂದು, ಶೀತಕಾಲದ ಬೂದಿರೋಗ ಮತ್ತೊಂದು. ಇವೆರಡನ್ನೂ ಉಗ್ರವಾದ ವಿಷಗಳ ಸಹಾಯವಿಲ್ಲದೆ ಹತೋಟಿಯಲ್ಲಿಡುವುದು ಸಾಧ್ಯವೆಂಬುದೂ, ನುಸಿಯ ವಿಷಯದಲ್ಲಿಯಂತೂ ವಿವೇಚನೆಯಿಲ್ಲದ ಔಷಧ ಸಿಂಪಡಣೆಯೇ ಅದರ ವೃದ್ಧಿಗೆ ಅನೇಕ ವೇಳೆ ಕಾರಣವಾಗುತ್ತದೆಂಬುದೂ ಈ ಲೇಖನದ ಪ್ರತಿಪಾದನೆ.

ನುಸಿಯನ್ನು ಕೀಟವೆಂದು ಭಾವಿಸಿ ಕೀಟನಾಶಕವನ್ನು ತರುವುದು ಸಾಮಾನ್ಯವಾಗಿ ನಡೆಯುವ ಮೊದಲ ಪ್ರಮಾದ. ಅದು ಕೀಟವಲ್ಲ, ಎಂಟು ಕಾಲುಗಳುಳ್ಳ, ಜೇಡದ ಬಳಗಕ್ಕೆ ಸೇರಿದ, ಅರ್ಧ ಮಿಲಿಮೀಟರಿನಷ್ಟು ಮಾತ್ರ ಉದ್ದವಾದ ಜೀವಿ. ಗುಲಾಬಿಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬೆನ್ನಿನ ಮೇಲೆ ಎರಡು ಕಪ್ಪು ಮಚ್ಚೆಗಳುಳ್ಳ ಜಾತಿಯಾಗಿದ್ದು, ಎಲೆಯ ಅಡಿಭಾಗದಲ್ಲಿ ನೆಲೆಸಿ, ಒಂದೊಂದು ಜೀವಕೋಶವನ್ನೂ ಚುಚ್ಚಿ ಅದರ ಹಸಿರು ಸತ್ವವನ್ನು ಹೀರುತ್ತದೆ; ಆಗ ಎಲೆಯ ಮೇಲ್ಭಾಗದಲ್ಲಿ ಸಾಸಿವೆಗಿಂತಲೂ ಸಣ್ಣದಾದ ಬಿಳಿಯ ಚುಕ್ಕೆಗಳು ತೋರಿ, ಕ್ರಮೇಣ ಎಲೆಯು ತಾಮ್ರವರ್ಣಕ್ಕೆ ತಿರುಗಿ ಉದುರುತ್ತದೆ, ಸಂಖ್ಯೆ ಮಿತಿಮೀರಿದಾಗ ಮೊಗ್ಗಿನ ಸುತ್ತಲೂ ನವಿರಾದ ಬಲೆ ಹಬ್ಬುತ್ತದೆ. ಬಲೆ ಕಣ್ಣಿಗೆ ಬಿದ್ದ ಮೇಲೆ ಚಿಕಿತ್ಸೆಗೆ ತೊಡಗುವುದೆಂದರೆ ಅರ್ಧ ಬೆಳೆಯನ್ನು ಬಿಟ್ಟುಕೊಟ್ಟಂತೆಯೇ ಸರಿ.

ಅದರ ವಂಶಾಭಿವೃದ್ಧಿಯ ವೇಗವನ್ನು ಅರಿಯದೆ ನಿಯಂತ್ರಣದ ಮಾತಾಡುವುದು ನಿಷ್ಪ್ರಯೋಜಕ. ಉಷ್ಣಾಂಶವು 27ರಿಂದ 30 ಡಿಗ್ರಿಗಳಷ್ಟಿದ್ದು ಗಾಳಿಯು ಒಣಗಿರುವಾಗ, ಅಂದರೆ ನಮ್ಮಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗೆ, ಇಟ್ಟ ಮೊಟ್ಟೆಯು ಒಡೆದು ಮರಿಯಾಗಿ ಪ್ರೌಢಾವಸ್ಥೆಗೆ ಬರಲು ಒಂದು ವಾರದಿಂದ ಹತ್ತು ದಿನಗಳು ಸಾಕು. ಒಂದು ಹೆಣ್ಣು ತನ್ನ ಅಲ್ಪಾಯುಷ್ಯದಲ್ಲಿ ನೂರರಷ್ಟು ಮೊಟ್ಟೆಗಳನ್ನಿಡಬಲ್ಲುದು. ಕೂಡಿಕೆಯಿಲ್ಲದೆ ಇಟ್ಟ ಮೊಟ್ಟೆಗಳಿಂದಲೂ ಗಂಡುಮರಿಗಳು ಹುಟ್ಟುವುದರಿಂದ, ತೋಟಕ್ಕೆ ಒಂಟಿ ಹೆಣ್ಣು ಬಂದು ಸೇರಿದರೂ ಸಂತತಿ ನಿಲ್ಲದು. ಇಷ್ಟು ಶೀಘ್ರವಾಗಿ ತಲೆಮಾರುಗಳು ಉರುಳುವ ಪ್ರಾಣಿಯು ಯಾವ ವಿಷಕ್ಕಾದರೂ ಬಹುಬೇಗ ಒಗ್ಗಿಕೊಳ್ಳುವುದು ಆಶ್ಚರ್ಯವಲ್ಲ. ಅಲ್ಲದೆ ಪೈರೆತ್ರಾಯಿಡ್ ವರ್ಗದ ಕೀಟನಾಶಕಗಳನ್ನು ಎಗ್ಗಿಲ್ಲದೆ ಸಿಂಪಡಿಸಿದಲ್ಲಿ ನುಸಿಯನ್ನು ತಿಂದು ಬದುಕುವ ಪರಭಕ್ಷಕಗಳು ಮೊದಲು ನಾಶವಾಗಿ, ನುಸಿಯು ನಿರಾತಂಕವಾಗಿ ಹೆಚ್ಚುತ್ತದೆ. ಔಷಧ ಹೊಡೆದ ಹದಿನೈದು ದಿನಗಳಲ್ಲಿಯೇ ಮುಂಚಿಗಿಂತ ಇಮ್ಮಡಿಯಾಗಿ ಮರುಕಳಿಸಿತೆಂದು ಕೃಷಿಕರು ಹೇಳುವ ಮಾತಿಗೆ ಆಧಾರವು ಇಲ್ಲಿದೆ.

ಈ ವಿಷಯದ ವ್ಯಾಸಂಗಕ್ಕೆ ನಮ್ಮ ಭಾಗವೇ ದೇಶದಲ್ಲಿ ಪ್ರಮುಖ ಕೇಂದ್ರವಾಗಿರುವುದು ನಮ್ಮ ರೈತರಿಗೆ ಅಷ್ಟಾಗಿ ತಿಳಿಯದು. ನುಸಿಶಾಸ್ತ್ರವನ್ನು ಭಾರತದಲ್ಲಿ ಕಟ್ಟಿದವರಲ್ಲಿ ಅಗ್ರಗಣ್ಯರಾದ ಪ್ರೊ. ಜಿ. ಪಿ. ಚನ್ನಬಸವಣ್ಣನವರು ಹೆಬ್ಬಾಳದಲ್ಲಿದ್ದುಕೊಂಡು 1966ರಲ್ಲಿ ಭಾರತದ ಗಂಟುನುಸಿಗಳ ಬಗ್ಗೆ ತಮ್ಮ ಪ್ರೌಢ ಗ್ರಂಥವನ್ನು ಪ್ರಕಟಿಸಿದರು. ಅವರು ಹಾಕಿದ ತಳಹದಿಯ ಮೇಲೆಯೇ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ನುಸಿಗಳ ಸಂಶೋಧನೆ ಇಂದಿಗೂ ನಡೆದುಬರುತ್ತಿದೆ. ಶತ್ರುವನ್ನು ಶತ್ರುವಿನ ಶತ್ರುವಿನಿಂದಲೇ ನಿಗ್ರಹಿಸುವ ಜೈವಿಕ ನಿಯಂತ್ರಣದ ಅಧ್ಯಯನಕ್ಕೂ 1957ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಸಂಸ್ಥೆಯೊಂದರ ಕೇಂದ್ರ ಸ್ಥಾಪಿತವಾಯಿತು. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಈಗ ಆ ಬಗೆಯ ಕಾರ್ಯವನ್ನು ವಿಸ್ತಾರವಾಗಿ ನಡೆಸುತ್ತಿದೆ. ಜಾಲಹಳ್ಳಿಯಿಂದ ಒಂದು ಗಂಟೆಯ ಪಯಣದೊಳಗೆ ಇಷ್ಟು ವಿದ್ಯೆ ದೊರೆಯುತ್ತಿರುವಾಗ, ಔಷಧದಂಗಡಿಯವನ ಮಾತೊಂದನ್ನೇ ನಂಬಿ ಡಬ್ಬಿ ಕೊಳ್ಳುವುದು ಶೋಚನೀಯ.

ನುಸಿಯನ್ನು ತಿನ್ನುವ ನುಸಿಯೂ ಉಂಟು. ನಮ್ಮ ದೇಶದಲ್ಲಿಯೇ ಸಹಜವಾಗಿ ನೆಲೆಸಿರುವ ನಿಯೋಸಿಯುಲಸ್ ಲಾಂಜಿಸ್ಪೈನೋಸಸ್ ಎಂಬ ಪರಭಕ್ಷಕ ನುಸಿಯು ತಿಳಿಯಾದ ಹೊಂಬಣ್ಣದ್ದು, ನೀರಹನಿಯಾಕಾರದ್ದು, ತನ್ನ ಬೇಟೆಗಿಂತ ಚುರುಕಾಗಿ ಓಡಾಡತಕ್ಕದ್ದು. ಅದು ಹಾನಿಕಾರಕ ನುಸಿಯ ಮೊಟ್ಟೆ, ಮರಿಗಳನ್ನೆಲ್ಲ ಹುಡುಕಿ ಹೀರುತ್ತದೆ. ಸ್ಟೀಥೋರಸ್ ಎಂಬ ಕಪ್ಪು ಗುಲಗಂಜಿಹುಳುವೂ ಇದೇ ಕಾರ್ಯದಲ್ಲಿ ಸಹಾಯಕ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ಕೊಂಡು, ವಾರಕ್ಕೊಮ್ಮೆ ಪ್ರತಿ ಸಾಲಿನಲ್ಲಿಯೂ ಕೆಲವು ಗಿಡಗಳ ಕೆಳಗಿನ ಮತ್ತು ಮಧ್ಯದ ಎಲೆಗಳನ್ನು ತಿರುವಿ ನೋಡಿ, ಎಲೆಯನ್ನು ಹೀರುವವು ಹೆಚ್ಚೋ ಅವನ್ನು ಹಿಡಿಯುವವು ಹೆಚ್ಚೋ ಎಂಬುದನ್ನು ಅರಿತ ಬಳಿಕವೇ ಮುಂದಿನ ಕ್ರಮವನ್ನು ನಿಶ್ಚಯಿಸಬೇಕು. ರಸ್ತೆಯಂಚಿನ ಸಾಲುಗಳನ್ನು, ಗಾಳಿಯ ಕಡೆಯ ಬಾಗಿಲ ಬಳಿಯ ಗಿಡಗಳನ್ನು ಮೊದಲು ನೋಡತಕ್ಕದ್ದು. ಧೂಳು ಕೂತ ಎಲೆಯಲ್ಲಿ ಪರಭಕ್ಷಕಗಳು ನಿಲ್ಲಲಾರವು, ನುಸಿಯೋ ಸೊಂಪಾಗಿ ಬೆಳೆಯುತ್ತದೆ.

ಸೋಂಕು ಆರಂಭದಲ್ಲಿರುವಾಗ ಕೆಳಗಿನ ಎಲೆಗಳನ್ನು ಬಿಡಿಸಿ ಚೀಲದಲ್ಲಿ ತುಂಬಿ ಹೊರಸಾಗಿಸುವುದು, ಬೆಳಗಿನ ಹೊತ್ತು ರಭಸವಾದ ನೀರಿನಿಂದ ಎಲೆಯ ಅಡಿಭಾಗವನ್ನು ತೊಳೆಯುವುದು, ಇವೆರಡರಿಂದಲೇ ಅರ್ಧ ಕಾರ್ಯ ಸಿದ್ಧಿಸುತ್ತದೆ. ಆಮೇಲೂ ಅವಶ್ಯವೆನಿಸಿದರೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ಬೇವಿನ ಸೋಪನ್ನಾಗಲಿ ಹೊಂಗೆಯ ಸೋಪನ್ನಾಗಲಿ ಲೀಟರಿಗೆ 5ರಿಂದ 10 ಗ್ರಾಂನಂತೆ ಕರಗಿಸಿ ಸಿಂಪಡಿಸಬಹುದು. ಈ ಭಾಗದ ಕೊಳವೆಬಾವಿಗಳ ನೀರು ಗಡಸಾಗಿರುವುದರಿಂದ ಸೋಪು ಒಡೆದು ಗಡ್ಡೆಗಟ್ಟಿದಂತಾದರೆ ನಿಂಬೆಯ ರಸವನ್ನು ಸ್ವಲ್ಪ ಬೆರೆಸಿಕೊಳ್ಳಬೇಕು. ಬೇವಿನ ಬೀಜದ ತಿರುಳನ್ನು ಕುಟ್ಟಿ, 100 ಲೀಟರಿಗೆ 5 ಕಿಲೋಗ್ರಾಂನಂತೆ ರಾತ್ರಿಯಿಡೀ ನೆನೆಸಿ ಸೋಸಿದ ಕಷಾಯವೂ ಇದಕ್ಕೆ ಸಮಾನವಾದದ್ದು. ಇವು ಮೈಗೆ ತಗುಲಿದಲ್ಲದೆ ಕೊಲ್ಲುವುದಿಲ್ಲ. ಆದುದರಿಂದ ನಾಜಲನ್ನು ಮೇಲ್ಮುಖವಾಗಿ ಹಿಡಿದು ಎಲೆಯ ಅಡಿಯೆಲ್ಲ ತೊಯ್ಯುವಂತೆ ಹೊಡೆಯದಿದ್ದರೆ ಶ್ರಮವೆಲ್ಲ ವ್ಯರ್ಥ. ಮೊಟ್ಟೆಗಳು ಉಳಿದುಕೊಳ್ಳುವುದರಿಂದ ಐದಾರು ದಿನಗಳ ತರುವಾಯ ಎರಡನೆಯ ಸಿಂಪಡಣೆ ಅತ್ಯವಶ್ಯ. ಈ ಎರಡನೆಯ ಸರತಿಯನ್ನು ತಪ್ಪಿಸಿ, ಬೇವು ಕೆಲಸಕ್ಕೆ ಬಾರದೆಂದು ದೂರುವವರೇ ಹೆಚ್ಚು.

ಇನ್ನು ಬೂದಿರೋಗದ ಸ್ವಭಾವ ನುಸಿಗೆ ವಿರುದ್ಧವಾದದ್ದು. ರಾತ್ರಿ 15, 16 ಡಿಗ್ರಿಯ ತಂಪೂ ಹೆಚ್ಚಿನ ತೇವಾಂಶವೂ, ಹಗಲು 26, 27 ಡಿಗ್ರಿಯ ಒಣಹವೆಯೂ ಸೇರಿದಾಗ ಈ ಶಿಲೀಂಧ್ರವು ಪ್ರಬಲಿಸುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಂಗಳೂರಿನ ಹವೆಯೇ ಇದಾದುದರಿಂದ ರೋಗವು ವಿಳಂಬಿಸದೆ ಬರುತ್ತದೆ. ಬಹುತೇಕ ಶಿಲೀಂಧ್ರಗಳಂತೆ ಎಲೆಯ ಮೇಲೆ ನೀರು ನಿಲ್ಲಬೇಕೆಂಬ ಅಗತ್ಯ ಇದಕ್ಕಿಲ್ಲ, ನೀರು ನಿಂತರೆ ಅದರ ಬೀಜಾಣು ಸರಿಯಾಗಿ ಮೊಳೆಯುವುದೂ ಇಲ್ಲ. ಎಳೆಯ ಚಿಗುರು, ಹೂವಿನ ತೊಟ್ಟು, ಮೊಗ್ಗಿನ ಪುಷ್ಪಪಾತ್ರೆಗಳ ಮೇಲೆ ಬೂದಿಯೆರಚಿದಂತೆ ಹಬ್ಬಿ, ಎಲೆಯನ್ನು ಮುರುಟಿಸಿ, ಮೊಗ್ಗು ಅರಳದಂತೆ ಮಾಡುತ್ತದೆ. ಫೆಬ್ರವರಿ 14ರ ಪ್ರೇಮಿಗಳ ದಿನದ ಬೇಡಿಕೆಗೋಸ್ಕರ ನವೆಂಬರಿನ ಕೊನೆಯಿಂದ ಡಿಸೆಂಬರಿನೊಳಗೆ ಗಿಡಗಳನ್ನು ಸವರಿದವರ ತೋಟದಲ್ಲಿ ಅತ್ಯಂತ ಎಳೆಯ ಚಿಗುರು ಮೂಡುವುದು ಈ ರೋಗದ ಹವೆಯಲ್ಲಿಯೇ. ಅಂತಹವರು ಚಿಗುರು ತೋರ್ಪಡುವ ಮುನ್ನವೇ ಸಿದ್ಧರಾಗಿರಬೇಕು.

ಆ ಸಿದ್ಧತೆಯಲ್ಲಿ ಮೊದಲನೆಯದು ಗಾಳಿಯಾಟ. ಸಂಜೆ ಪಾಲಿಹೌಸಿನ ಪರದೆಗಳನ್ನು ಒಮ್ಮೆಲೇ ಮುಚ್ಚದೆ, ಒಳಗಿನ ತೇವ ಹೊರಹೋಗುವಂತೆ ಕೆಲವು ಹೊತ್ತು ತೆರೆದಿಡುವುದು. ಹೂ ಬಿಡದ ಕುರುಡು ಚಿಗುರುಗಳನ್ನು ಕತ್ತರಿಸಿ ಗಿಡದ ನಡುವನ್ನು ತೆರವಾಗಿಡುವುದು. ಯೂರಿಯವನ್ನು ತಗ್ಗಿಸಿ, ಹಳೆಯ ಕೊಟ್ಟಿಗೆಗೊಬ್ಬರವನ್ನೂ ಪೊಟ್ಯಾಷನ್ನೂ ಒದಗಿಸುವುದು. ಸಾರಜನಕವುಂಡು ಮೆತ್ತಗೆ ಬೆಳೆದ ಚಿಗುರೇ ಈ ರೋಗದ ಪ್ರಥಮ ಆಹಾರ. ಔಷಧಗಳಲ್ಲಿ ಗಂಧಕಕ್ಕೆ ಅಗ್ರಸ್ಥಾನ. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಊರಿನ ಟಕ್ಕರ್ ಎಂಬ ತೋಟಗಾರನು ದ್ರಾಕ್ಷಿಯ ಬೂದಿರೋಗವನ್ನು ಗುರುತಿಸಿ ಗಂಧಕವನ್ನು ಪ್ರಯೋಗಿಸಿದಂದಿನಿಂದ ಇಂದಿನವರೆಗೂ ಅದಕ್ಕೆ ರೋಗವು ಒಗ್ಗಿಕೊಂಡಿಲ್ಲ. ನೀರಿನಲ್ಲಿ ಕದಡುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಮೋಡವಿಲ್ಲದ ಮುಂಜಾನೆ ಸಿಂಪಡಿಸಬೇಕು. ಪೊಟ್ಯಾಸಿಯಂ ಬೈಕಾರ್ಬನೇಟನ್ನು ಲೀಟರಿಗೆ 3ರಿಂದ 5 ಗ್ರಾಂನಂತೆ ವಾರಕ್ಕೊಮ್ಮೆ ಕೊಡುವುದೂ ಫಲಕಾರಿ. ಹಾಲನ್ನು ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸುವ ವಿಧಾನವನ್ನು ಬ್ರೆಜಿಲ್ ದೇಶದ ವಿಜ್ಞಾನಿ ಬೆಟ್ಟಿಯೋಲ್ 1999ರಲ್ಲಿ ಕುಂಬಳದ ಬಳಗದ ಬೆಳೆಯೊಂದರಲ್ಲಿ ಪರೀಕ್ಷಿಸಿ ಪ್ರಕಟಿಸಿದರು; ಸಣ್ಣ ಹಿಡುವಳಿಗೂ ಮನೆಯಂಗಳದ ಗಿಡಗಳಿಗೂ ಅದು ಒಪ್ಪುತ್ತದೆ, ಎಕರೆಗಟ್ಟಲೆ ತೋಟಕ್ಕೆ ಲಾಭದಾಯಕವಲ್ಲ.

ಗಂಧಕದ ಬಗ್ಗೆ ಎರಡು ಎಚ್ಚರಿಕೆಗಳನ್ನು ವಿಶೇಷವಾಗಿ ಹೇಳಬೇಕಾಗಿದೆ. ಉಷ್ಣಾಂಶ 32 ಡಿಗ್ರಿಯನ್ನು ಮೀರಿದಾಗ ಅದು ಎಲೆಯನ್ನು ಸುಡುತ್ತದೆ. ಬೇವಿನೆಣ್ಣೆಯನ್ನಾಗಲಿ ಇತರ ಎಣ್ಣೆಗಳನ್ನಾಗಲಿ ಸಿಂಪಡಿಸಿದ ಎರಡು ವಾರಗಳೊಳಗೆ ಅದನ್ನು ಬಳಸಿದರೂ ಅದೇ ಅನಾಹುತ. ಗಂಧಕವು ನುಸಿಯನ್ನೂ ತಕ್ಕಮಟ್ಟಿಗೆ ಕೊಲ್ಲುವುದೆಂಬುದು ನಿಜವೇ ಆದರೂ, ಪರಭಕ್ಷಕ ನುಸಿಗಳಿಗೂ ಅದರಿಂದ ಹಾನಿಯುಂಟು. ಆದುದರಿಂದ ಮಾಗಿಯಲ್ಲಿ ಗಂಧಕ, ಬೇಸಗೆಯಲ್ಲಿ ಬೇವು ಮತ್ತು ಪರಭಕ್ಷಕ ಎಂದು ಕಾಲವಿಭಾಗ ಮಾಡಿಕೊಂಡು, ಫೆಬ್ರವರಿಯ ಮಧ್ಯದಲ್ಲಿ ಗಂಧಕವನ್ನು ನಿಲ್ಲಿಸಿ ಎರಡು ಮೂರು ವಾರಗಳ ಬಿಡುವಿನ ನಂತರ ಪರಭಕ್ಷಕಗಳನ್ನು ಬಿಡುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಕ್ರಮ. ಹೂ ಮುಡಿಯುವವರ, ದೇವರಿಗೆ ಏರಿಸುವವರ, ಗುಲ್ಕನ್ ಮಾಡಿ ತಿನ್ನುವವರ ಕೈಗೆ ಹೋಗುವ ದಳದಲ್ಲಿಯೂ, ನಸುಕಿನಲ್ಲಿ ಬರಿಗೈಯಿಂದ ಹೂ ಕೊಯ್ಯುವ ಹೆಣ್ಣುಮಕ್ಕಳ ಮೈಯಲ್ಲಿಯೂ ವಿಷದ ಶೇಷವು ಸೇರದಂತೆ ನೋಡಿಕೊಳ್ಳುವುದು ಕೃಷಿಕನ ಧರ್ಮವೆಂದು ನಾನು ಬಲವಾಗಿ ನಂಬಿದ್ದೇನೆ.

ಮಳೆಗಾಲದಲ್ಲಿ ಬರುವ ಬೂಜು ತುಪ್ಪಟ ರೋಗವನ್ನು ಬೂದಿರೋಗದೊಡನೆ ಗೊಂದಲಿಸಬಾರದು. ಅದರಲ್ಲಿ ಎಲೆಯ ಮೇಲೆ ನೇರಳೆ ಮಿಶ್ರಿತ ಕೆಂಪಿನ ಮೂಲೆಮೂಲೆಯಾದ ಕಲೆಗಳು ಬಿದ್ದು, ಎಲೆಗಳು ಹಸಿಯಾಗಿರುವಾಗಲೇ ರಾಶಿರಾಶಿಯಾಗಿ ಉದುರುತ್ತವೆ; ಎಲೆಯಲ್ಲಿ ನೀರು ನಿಂತಷ್ಟೂ ಅದು ಹೆಚ್ಚುತ್ತದೆ, ಗಂಧಕಕ್ಕೆ ಅದು ಬಗ್ಗದು. ಬೂದಿಯೋ ತುಪ್ಪಟವೋ ಎಂಬ ಸಂಶಯವಿದ್ದಲ್ಲಿ, ಹೊಸದಾಗಿ ಕಲೆ ತೋರಿದ ನಾಲ್ಕಾರು ಎಲೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಕಾಗದದಲ್ಲಿ ಮಡಿಸಿ, ಅದೇ ದಿನ ಹೆಸರಘಟ್ಟದ ಸಂಸ್ಥೆಗಾಗಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದ ಸಸ್ಯರೋಗಶಾಸ್ತ್ರ ವಿಭಾಗಕ್ಕಾಗಲಿ ಒಯ್ದು ತೋರಿಸಿ, ಅವರ ಉತ್ತರ ಬರುವವರೆಗೆ ಮೇಲಿನಿಂದ ನೀರು ಹಾಯಿಸುವುದನ್ನು ನಿಲ್ಲಿಸತಕ್ಕದ್ದು.