ವಕಾಲತ್ತಿಗೆ ಸಹಿ ಹಾಕುವ ಮುನ್ನ

ತಾಲ್ಲೂಕು ಕೋರ್ಟಿನ ಆವರಣದಲ್ಲಿ ದಿನವೂ ನಡೆಯುವ ಕೆಲಸವಿದು. ಗುಮಾಸ್ತ ಅಚ್ಚಾದ ಹಾಳೆಯೊಂದನ್ನು ಮುಂದಿಟ್ಟು ‘ಇಲ್ಲೊಂದು ಸಹಿ ಹಾಕಿ’ ಎನ್ನುತ್ತಾನೆ, ಕಕ್ಷಿದಾರ ಹಾಕುತ್ತಾನೆ. ಅದೇ ವಕಾಲತ್ತು. ಸಣ್ಣ ಅಕ್ಷರದ ಆ ಒಕ್ಕಣೆಯಲ್ಲಿ ಸಾಮಾನ್ಯವಾಗಿ ಕೋರ್ಟಿಗೆ ಹಾಜರಾಗುವ, ಅರ್ಜಿ ಹಾಕುವ ಅಧಿಕಾರದ ಜೊತೆಗೆ ರಾಜಿ ಮಾಡಿಕೊಳ್ಳುವ, ದಾವೆ ಹಿಂಪಡೆಯುವ, ಕೋರ್ಟಿನಲ್ಲಿ ಜಮೆಯಾದ ಹಣ ಪಡೆಯುವ ಅಧಿಕಾರವೂ ಇರುತ್ತದೆ. ಒಂದು ಸೈಟು ಕೊಳ್ಳಲು ಊರಿಗೆಲ್ಲ ವಿಚಾರಿಸುವವರು ಇಷ್ಟು ದೊಡ್ಡ ಅಧಿಕಾರವನ್ನು ಓದದೆಯೇ ಬರೆದುಕೊಟ್ಟು ಬರುತ್ತಾರೆ.

ವಕಾಲತ್ತು ಕೊಟ್ಟ ಮಾತ್ರಕ್ಕೆ ಕೇಸು ವಕೀಲರದ್ದಾಗುವುದಿಲ್ಲ. ಹಿಮಾಲಯನ್ ಸಹಕಾರಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ವಕೀಲರು ಕಕ್ಷಿದಾರರ ಸೂಚನೆಗೆ ಬದ್ಧರು. ಸ್ಪಷ್ಟ ಒಪ್ಪಿಗೆಯಿಲ್ಲದೆ ಕಕ್ಷಿದಾರರ ಹಕ್ಕನ್ನು ಕೋರ್ಟಿನ ಮುಂದೆ ಬಿಟ್ಟುಕೊಡುವಂತಿಲ್ಲ. ಆದ್ದರಿಂದ ಹಾಳೆಯನ್ನು ಪೂರ್ತಿ ಓದಬೇಕು, ಓದಲು ಬಾರದಿದ್ದರೆ ಓದಿಸಿ ಕೇಳಬೇಕು. ರಾಜಿಯ ಮಾತು ಬಂದಾಗ ತನ್ನನ್ನು ಕೇಳಿಯೇ ಮುಂದುವರಿಯಬೇಕೆಂದು ಮೊದಲೇ ತಿಳಿಸಬೇಕು. ಖಾಲಿ ಹಾಳೆಗೆ ಮಾತ್ರ ಯಾವ ಕಾರಣಕ್ಕೂ ಸಹಿ ಹಾಕಬಾರದು.

ಎಂಥ ವಕೀಲರು ಬೇಕು?

ನಮ್ಮ ತಾಲ್ಲೂಕು, ಜಿಲ್ಲಾ ಕೇಂದ್ರಗಳ ಬಹುಪಾಲು ವಕೀಲರು ಸಿವಿಲ್, ಕ್ರಿಮಿನಲ್ ಎರಡೂ ನಡೆಸುವವರು. ಪರಿಣತಿಯ ಈ ಕಾಲದಲ್ಲಿ ಅದು ಕೊರತೆಯಂತೆ ಕಾಣಬಹುದು. ಆದರೆ ಹಳ್ಳಿಯ ಒಂದು ಜಮೀನು ಜಗಳ ಹೇಗೆ ಹಬ್ಬುತ್ತದೆ ನೋಡಿ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗ ಪಹಣಿಯಲ್ಲಿ ತನ್ನೊಬ್ಬನ ಹೆಸರು ಸೇರಿಸಲು ಹೊರಟರೆ ಉಳಿದವರು ತಾಲ್ಲೂಕು ಕಚೇರಿಗೆ ತಕರಾರು ಕೊಡಬೇಕು. ಆದೇಶ ವಿರುದ್ಧವಾದರೆ ಎ.ಸಿ. ಕೋರ್ಟಿಗೆ ಮೇಲ್ಮನವಿ ಹೋಗಬೇಕು. ಪಾಲು ಬೇಕೆಂದರೆ ಸಿವಿಲ್ ಕೋರ್ಟಿನಲ್ಲಿ ವಿಭಾಗ ದಾವೆ ಹೂಡಬೇಕು. ಅಷ್ಟರಲ್ಲಿ ಬದುವಿನ ಮೇಲೆ ಕೈಕೈ ಮಿಲಾಯಿಸಿದರೆ ಪೊಲೀಸ್ ಠಾಣೆ, ಎಫ್‌ಐಆರ್, ಜಾಮೀನು. ಜಗಳ ಒಂದೇ, ಕಚೇರಿ ನಾಲ್ಕು.

ಇಂಥಲ್ಲಿ ಒಂದೊಂದು ಕಡೆಗೆ ಒಬ್ಬೊಬ್ಬ ವಕೀಲರನ್ನು ಹಿಡಿದರೆ ಖರ್ಚಿಗಿಂತ ದೊಡ್ಡ ಅಪಾಯ ಬೇರೆಯೇ ಇದೆ. ತಹಶೀಲ್ದಾರರ ಮುಂದೆ ‘ಮನೆ ಮೊದಲೇ ಪಾಲಾಗಿದೆ’ ಎಂದು ಬರೆದುಕೊಟ್ಟು, ಸಿವಿಲ್ ಕೋರ್ಟಿನಲ್ಲಿ ‘ಇನ್ನೂ ಒಟ್ಟು ಕುಟುಂಬ’ ಎಂದರೆ, ಎದುರು ಪಾರ್ಟಿಯ ವಕೀಲರು ಪಾಟೀಸವಾಲಿನಲ್ಲಿ ಅದನ್ನೇ ಹಿಡಿದು ಜಗ್ಗುತ್ತಾರೆ. ಎಲ್ಲ ಕಚೇರಿಗಳ ಕಾಗದವನ್ನೂ ಒಟ್ಟಿಗೆ ನೋಡುವ ಅನುಭವಿ ವಕೀಲರೊಬ್ಬರು ಬೇಕಾಗುವುದು ಇದಕ್ಕೇ. ಆದಾಯ ತೆರಿಗೆ, ಪೇಟೆಂಟ್, ಕಂಪನಿ ದಿವಾಳಿಯಂಥ ವಿಷಯಗಳಿಗೆ ಮಾತ್ರ ಆಯಾ ಕ್ಷೇತ್ರದಲ್ಲಿ ಪಳಗಿದವರನ್ನೇ ಹುಡುಕಬೇಕು. ‘ಇದು ನನ್ನ ಕ್ಷೇತ್ರವಲ್ಲ, ಇಂಥವರನ್ನು ನೋಡಿ’ ಎಂದು ಹೇಳಿ ಕಳಿಸುವ ವಕೀಲರನ್ನು ಮುಂದಿನ ಕೇಸಿಗೆ ಧಾರಾಳವಾಗಿ ನಂಬಬಹುದು.

ಅನುಭವವನ್ನು ವರ್ಷಗಳಿಂದ ಅಳೆದರೆ ಸಾಲದು. ತನ್ನದೇ ಬಗೆಯ ಕೇಸುಗಳನ್ನು ಅದೇ ಕೋರ್ಟಿನಲ್ಲಿ ಅವರು ನಡೆಸಿದ್ದಾರೆಯೇ, ಸಾಕ್ಷಿ ವಿಚಾರಣೆಗೆ ತಾವೇ ನಿಲ್ಲುತ್ತಾರೆಯೇ ಅಥವಾ ಕಿರಿಯರನ್ನು ಕಳಿಸುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಊರಿನಲ್ಲಿ ವಯಸ್ಸಾದ ವಕೀಲರನ್ನೆಲ್ಲ ‘ಸೀನಿಯರ್’ ಎನ್ನುವುದು ರೂಢಿ. ಕಾನೂನಿನ ಪ್ರಕಾರ ಹಿರಿಯ ವಕೀಲರೆಂದರೆ ವಕೀಲರ ಕಾಯ್ದೆ, 1961ರ ಅಡಿಯಲ್ಲಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆ ಪದವಿ ಕೊಟ್ಟವರು. ಅವರು ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತಿಲ್ಲ, ವಕಾಲತ್ತು ಹಾಕುವಂತಿಲ್ಲ. ಇನ್ನೊಬ್ಬ ವಕೀಲರ ಮೂಲಕವೇ ಅವರನ್ನು ಕರೆತರಬೇಕು.

ಸನ್ನದು ಇಲ್ಲದೆ ವಕೀಲಿ ಮಾಡುವುದು ಆರು ತಿಂಗಳವರೆಗೆ ಜೈಲುಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ಅನುಮಾನ ಬಂದರೆ ನೋಂದಣಿ ಸಂಖ್ಯೆ ಕೇಳಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಬಹುದು. ವಕೀಲರು ಜಾಹೀರಾತು ಕೊಟ್ಟು ಕೇಸು ಹುಡುಕುವುದಕ್ಕೂ ನಿಷೇಧವಿದೆ. ಆಸ್ಪತ್ರೆಯ ಬಾಗಿಲಲ್ಲಿ, ಠಾಣೆಯ ಮುಂದೆ ‘ನಮ್ಮ ವಕೀಲರ ಹತ್ತಿರ ಬನ್ನಿ’ ಎಂದು ಕೈಹಿಡಿದು ಎಳೆಯುವ ದಲ್ಲಾಳಿಗಳಿಂದ ದೂರವಿರಬೇಕು. ವಕೀಲರ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯು ಇಂಥವರ ಪಟ್ಟಿ ಮಾಡುವ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶರಿಗೂ ಕೊಟ್ಟಿದೆ.

ಮೊದಲ ಭೇಟಿ

ವಕೀಲರ ಬಳಿ ಹೋಗುವಾಗ ಬಾಯಿಮಾತಿಗಿಂತ ಕಾಗದ ಮುಖ್ಯ. ಪಹಣಿ, ಕ್ರಯಪತ್ರ, ಇ.ಸಿ., ವಂಶವೃಕ್ಷ, ಬಂದಿರುವ ನೋಟಿಸು, ಕೊಟ್ಟಿರುವ ಉತ್ತರ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಬೇಕು. ಕೊಡುವುದು ನಕಲು, ಮೂಲ ಪ್ರತಿ ಮನೆಯಲ್ಲೇ ಇರಲಿ. ಕೋರ್ಟಿಗೆ ಮೂಲವೇ ಬೇಕಾದಾಗ ಪಟ್ಟಿ ಮಾಡಿ, ಸಹಿ ಪಡೆದು ಕೊಡಬೇಕು.

ತಡಮಾಡಿದರೆ ಗಟ್ಟಿ ಕೇಸೂ ಕೈಬಿಡುತ್ತದೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಗ್ರಾಹಕ ಆಯೋಗಕ್ಕೆ ಎರಡು ವರ್ಷ, ಸಾಲ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಗಡುವು. ‘ನನ್ನ ಕೇಸಿಗೆ ಕೊನೆಯ ದಿನ ಯಾವುದು?’ ಎಂಬುದೇ ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ತನಗೆ ವಿರುದ್ಧವಾಗುವ ಸಂಗತಿಯನ್ನೂ ವಕೀಲರಿಂದ ಮುಚ್ಚಿಡಬಾರದು. ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಬಹಿರಂಗಪಡಿಸದಂತೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಂ ತಡೆಯುತ್ತದೆ. ಕೇಸು ಮುಗಿದ ಮೇಲೂ ಈ ರಕ್ಷಣೆ ಮುಗಿಯದು. ಅಪರಾಧ ಎಸಗಲು ಸಲಹೆ ಕೇಳಿದವರಿಗೆ ಮಾತ್ರ ಅದು ದಕ್ಕುವುದಿಲ್ಲ.

ಫೀಸಿನ ಮಾತು

ಫೀಸು ಎಷ್ಟೆಂಬುದು ವಕೀಲರಿಗೂ ಕಕ್ಷಿದಾರರಿಗೂ ಬಿಟ್ಟ ಮಾತು. ಒಟ್ಟು ಮೊತ್ತವೋ ಹಂತ ಹಂತವೋ, ಕೋರ್ಟ್ ಶುಲ್ಕ, ಟೈಪಿಂಗ್, ನಕಲು ಅರ್ಜಿಯ ಖರ್ಚು ಅದರಲ್ಲೇ ಸೇರಿದೆಯೋ ಬೇರೆಯೋ, ಮೇಲ್ಮನವಿಗೆ ಮತ್ತೆ ಕೊಡಬೇಕೋ ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೊಟ್ಟ ಹಣಕ್ಕೆ ರಸೀದಿ ಇರಲಿ ಅಥವಾ ಬ್ಯಾಂಕ್ ಮೂಲಕವೇ ಕೊಡಲಿ. ‘ಗೆದ್ದರೆ ಬಂದ ಪರಿಹಾರದಲ್ಲಿ ಇಷ್ಟು ಪಾಲು’ ಎಂಬ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಒಪ್ಪುವುದಿಲ್ಲ. ‘ಕೇಸು ಗೆಲ್ಲಿಸಿಯೇ ಕೊಡುತ್ತೇನೆ’ ಎಂಬ ಭರವಸೆ ಸಿಕ್ಕ ಕಡೆ ಎದ್ದು ಬರುವುದೇ ಲೇಸು.

ಫೀಸಿನ ಸಣ್ಣ ಜಗಳವೂ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ದೆಹಲಿಯ ಪ್ರಕರಣವೊಂದಿದೆ. 20,000 ರೂಪಾಯಿಯ ಚೆಕ್ ಬೌನ್ಸ್ ಕೇಸಿನಲ್ಲಿ ವಸೂಲಾದ ಹಣ ಹಾಗೂ 5,000 ರೂಪಾಯಿ ಫೀಸಿನ ವಿಚಾರವಾಗಿ ವಕೀಲರಿಗೂ ಕಕ್ಷಿದಾರರಿಗೂ ತಕರಾರಾಗಿ, ಅದು ಗ್ರಾಹಕ ವೇದಿಕೆಗೆ ಹೋಯಿತು. ವಕೀಲರ ಸೇವೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು ರಾಷ್ಟ್ರೀಯ ಆಯೋಗ 2007ರಲ್ಲಿ ಹೇಳಿತು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಾಗಾಗಿ ಇಂದು ವಕೀಲರ ಸೇವಾಲೋಪಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ಸಿವಿಲ್ ಕೋರ್ಟು ಮತ್ತು ವಕೀಲರ ಪರಿಷತ್ತಿನ ದಾರಿಗಳು ಉಳಿದಿವೆ.

ಕೇಸಿನ ಮೇಲೆ ಕಣ್ಣಿರಲಿ

ವಕೀಲರು ಗೈರಾದರೆಂದು ಅಲಹಾಬಾದ್ ಹೈಕೋರ್ಟಿನಲ್ಲಿ ವಜಾ ಆದ ಮೇಲ್ಮನವಿಯೊಂದನ್ನು 1981ರಲ್ಲಿ ರಫೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವಂತಗೊಳಿಸಿತ್ತು. ವಕೀಲರ ತಪ್ಪಿಗೆ ಕಕ್ಷಿದಾರ ಬೆಲೆ ತೆರಬಾರದು ಎಂಬುದು ಆಗಿನ ಮಾತು. ಅದನ್ನೇ ನೆಚ್ಚಿ ಕೂರುವಂತಿಲ್ಲ. 2024ರ ನವೆಂಬರಿನಲ್ಲಿ ರಜನೀಶ್ ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟು, ವಕೀಲರ ಮೇಲೆ ತಪ್ಪು ಹೊರಿಸಿ ಕಕ್ಷಿದಾರ ಜಾರಿಕೊಳ್ಳುವಂತಿಲ್ಲ, ತನ್ನ ಕೇಸಿನ ಬಗ್ಗೆ ತಾನೂ ಎಚ್ಚರವಿರಬೇಕು ಎಂದಿತು. ಈಗ ಅದು ಕಷ್ಟವೂ ಅಲ್ಲ. ಪ್ರತಿ ಕೇಸಿಗೂ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಹಂತ, ಆದೇಶ ಮೊಬೈಲಿನಲ್ಲೇ ಸಿಗುತ್ತವೆ.

ನಂಬಿಕೆ ಕೆಟ್ಟರೆ ವಕೀಲರನ್ನು ಬದಲಿಸಬಹುದು. ಕೋರ್ಟಿನ ಅನುಮತಿ ಪಡೆದು, ಲಿಖಿತವಾಗಿ ವಕಾಲತ್ತು ಕೊನೆಗೊಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಹಳೆಯ ವಕೀಲರಿಂದ ಎನ್‌ಒಸಿ ಪಡೆಯುವುದು ರೂಢಿ. ಬಾಕಿ ಫೀಸಿನ ನೆಪ ಹೇಳಿ ಅವರು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ಫೈಲುಗಳನ್ನು ಹೀಗೆ ಇಟ್ಟುಕೊಂಡಿದ್ದ ವಕೀಲರ ಪ್ರಕರಣದಲ್ಲಿ, ಫೈಲಿನ ಮೇಲೆ ವಕೀಲರಿಗೆ ಒತ್ತೆಯ ಹಕ್ಕಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಾಕಿಯಿದ್ದರೆ ಅವರು ಅದನ್ನು ಬೇರೆ ಕಾನೂನು ಮಾರ್ಗದಲ್ಲಿ ವಸೂಲು ಮಾಡಿಕೊಳ್ಳಬೇಕು.

ಹಣ ನುಂಗುವುದು, ಎದುರು ಪಾರ್ಟಿಯ ಜೊತೆ ಶಾಮೀಲಾಗುವುದು ಮುಂತಾದ ದುರ್ನಡತೆಗೆ ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ ದಾಖಲೆ ಸಹಿತ ದೂರು ಕೊಡಬಹುದು. ಶಿಸ್ತು ಸಮಿತಿಯು ಎಚ್ಚರಿಕೆ ಕೊಡಬಹುದು, ಸನ್ನದು ಅಮಾನತಿನಲ್ಲಿಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದಲ್ಲಿ ತೀರ್ಮಾನವಾಗದ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಕೇಸು ಸೋತದ್ದೊಂದೇ ದುರ್ನಡತೆಯಲ್ಲ ಎಂಬುದೂ ದೂರುದಾರರಿಗೆ ಗೊತ್ತಿರಬೇಕು.

ಫೀಸು ಕೊಡಲು ಶಕ್ತಿಯಿಲ್ಲದವರೂ ಕೈಚೆಲ್ಲಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳಬಹುದು. ಉಳಿದವರಿಗೆ ಆದಾಯದ ಮಿತಿಯಿದೆ. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೋ ಜಿಲ್ಲಾ ಪ್ರಾಧಿಕಾರದಲ್ಲೋ ಕೊಡಬಹುದು. ಮಾಹಿತಿಗೆ ಕರೆ ಮಾಡಬೇಕಾದ ಸಹಾಯವಾಣಿ ಸಂಖ್ಯೆ 15100.