ಕಾನ್ಸ್ಟ್ ಹಚ್ಚದ ಪಾಯಿಂಟರ್

ಸಿ ಭಾಷೆಯ ಒಡನಾಟ ನನಗೆ ಕಲಿಸಿದ ಪಾಠಗಳಲ್ಲಿ ಇದನ್ನು ಮೊದಲಿಗಿಡುತ್ತೇನೆ: ಸ್ಟ್ರಿಂಗ್ ಕಾನ್‌ಸ್ಟಂಟನ್ನು ತೋರಿಸುವ ಪಾಯಿಂಟರ್‌ಗೆ ಕಾನ್ಸ್ಟ್ ಹಚ್ಚದೆ ಬಿಡಬಾರದು. ಕಂಪೈಲರ್ ಅದನ್ನು ಕೇಳುವುದಿಲ್ಲ. ಕೇಳದಿರುವುದರಿಂದಲೇ ನಾವು ಹಚ್ಚಬೇಕು. ಫಂಕ್ಷನ್ನಿನೊಳಗೆ ಚಾರ್ ಎಸ್[] = "ರಾಮನಗರ" ಎಂದು ಬರೆದರೆ ಅಕ್ಷರಗಳ ಪ್ರತಿ ಸ್ಟ್ಯಾಕಿನಲ್ಲಿ ಸಿದ್ಧವಾಗುತ್ತದೆ. ಅದು ನಮ್ಮದು, ತಿದ್ದಬಹುದು. ಚಾರ್ *ಪಿ = "ರಾಮನಗರ" ಎಂದಾಗ ಪಿ ಬರೀ ವಿಳಾಸ. ಅಕ್ಷರಗಳು ಪ್ರೋಗ್ರಾಂ ಮುಗಿಯುವವರೆಗೂ ಬೇರೆಡೆ ಇರುತ್ತವೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ರೋಡೇಟಾ ವಿಭಾಗದಲ್ಲಿ, ಓದಲಷ್ಟೇ ಅನುಮತಿಯಿರುವ ಪುಟಗಳಲ್ಲಿ. ಪಿ[0]ಯನ್ನು ಬದಲಿಸಹೋದರೆ ಸೆಗ್ಮೆಂಟೇಷನ್ ಫಾಲ್ಟ್.

"ಟರ್ಬೊ ಸಿಯಲ್ಲಿ ಇದು ನಡೆಯುತ್ತಿತ್ತಲ್ಲ" ಎನ್ನುವವರಿದ್ದಾರೆ. ನಡೆಯುತ್ತಿತ್ತು, ಏಕೆಂದರೆ ಡಾಸ್‌ನಲ್ಲಿ ಮೆಮೊರಿಗೆ ಕಾವಲೇ ಇರಲಿಲ್ಲ. ನನ್ನ ಮಟ್ಟಿಗೆ ಅದು ಕ್ರ್ಯಾಶ್‌ಗಿಂತ ಕೆಟ್ಟದ್ದು. ಏಕೆಂದು ಉದಾಹರಣೆಯಿಂದ ನೋಡೋಣ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಕೊನೆಯ ಸೊನ್ನೆಯೂ ಸೇರಿ "ರಾಮನಗರ"ಕ್ಕೆ 19. ಅದೇ ಪ್ರೋಗ್ರಾಮಿನಲ್ಲಿ "ನಗರ" ಎಂಬ ಕಾನ್‌ಸ್ಟಂಟ್ ಇದ್ದರೆ, ಅದಕ್ಕೆ ಬೇರೆ ಜಾಗ ಕೊಡದೆ ಮೊದಲಿನದರ ಕೊನೆಯ 10 ಬೈಟುಗಳನ್ನೇ ತೋರಿಸುವ ಸ್ವಾತಂತ್ರ್ಯ ಲಿಂಕರ್‌ಗಿದೆ. ಹೀಗೆ ಜಾಗ ಹಂಚಿಕೊಂಡ ಸ್ಟ್ರಿಂಗ್‌ಗಳ ಮೇಲೆ ಬರೆಯಲು ಬಿಟ್ಟರೆ, ಒಂದನ್ನು ತಿದ್ದಿದಾಗ ಸಂಬಂಧವೇ ಇಲ್ಲದ ಇನ್ನೊಂದು ಸದ್ದಿಲ್ಲದೆ ಕೆಡುತ್ತದೆ. ಇಂಥ ದೋಷವನ್ನು ಹುಡುಕುವುದು ಎಷ್ಟು ಕಷ್ಟ!

ಹಾಗಿದ್ದರೆ ಭಾಷೆಯೇ ಕಾನ್ಸ್ಟ್ ಎಂದು ವಿಧಿಸಬಹುದಿತ್ತಲ್ಲವೇ? ಸಿ++ ವಿಧಿಸಿದೆ. ಆದರೆ ಸಿಗೆ 1989ರ ಆನ್ಸಿ ಮಾನಕದಲ್ಲಿ ಕಾನ್ಸ್ಟ್ ಬರುವ ವೇಳೆಗೆ ಅದಿಲ್ಲದೆ ಬರೆದ ಕೋಡ್ ರಾಶಿ ಬಿದ್ದಿತ್ತು. ಅದನ್ನು ಉಳಿಸಿಕೊಳ್ಳಲು ಕಾನ್‌ಸ್ಟಂಟಿನ ಟೈಪ್ ಬರೀ ಚಾರ್ ಅರೇ ಆಗಿಯೇ ಉಳಿಯಿತು. ಅದನ್ನು ತಿದ್ದಿದರೆ ಏನಾಗುತ್ತದೆಂಬುದಕ್ಕೆ ಮಾನಕ ಯಾವ ಭರವಸೆಯನ್ನೂ ಕೊಡಲಿಲ್ಲ. ಜಿಸಿಸಿಯಲ್ಲಿ ರೈಟ್-ಸ್ಟ್ರಿಂಗ್ಸ್ ಎಂಬ ಎಚ್ಚರಿಕೆಯುಂಟು, ಆದರೆ ಸಿ ಕೋಡ್‌ಗೆ ವಾಲ್ ಆಯ್ಕೆ ಕೊಟ್ಟರೂ ಅದು ಸೇರುವುದಿಲ್ಲ. ಬೇಕೆಂದೇ ಕೇಳಿ ಪಡೆಯಬೇಕು.

ಒಂದು ಕಡೆ ಕಾನ್ಸ್ಟ್ ಹಚ್ಚಿದರೆ ಹತ್ತು ಫಂಕ್ಷನ್‌ಗಳಿಗೆ ಹಚ್ಚಬೇಕಾಗುತ್ತದೆ ಎಂಬ ದೂರು ನಿಜ. ನನಗೆ ಅದೇ ಅದರ ಬೆಲೆ. ಯಾವ ಫಂಕ್ಷನ್ ಬರೀ ಓದುತ್ತದೆ, ಯಾವುದು ಬರೆಯುತ್ತದೆ ಎಂಬುದು ಆಗಲೇ ಹೊರಬೀಳುವುದು. ಸ್ಟ್ರ್‌ಟೋಕ್ ಕೊಟ್ಟ ಸ್ಟ್ರಿಂಗ್‌ನಲ್ಲೇ ಸೊನ್ನೆ ಬರೆದು ತುಂಡರಿಸುತ್ತದೆ. ಕಾನ್ಸ್ಟ್ ಪಾಯಿಂಟರ್ ಕೊಟ್ಟರೆ ಕಂಪೈಲರ್ ತಕರಾರು ಮಾಡುತ್ತದೆ. ಈ ಕಾವಲಿನಲ್ಲೂ ಕಿಂಡಿಯಿತ್ತು: ಸ್ಟ್ರ್‌ಚರ್ ಕಾನ್ಸ್ಟ್ ಪಾಯಿಂಟರ್ ಪಡೆದು ಕಾನ್ಸ್ಟ್ ಇಲ್ಲದ್ದನ್ನು ಮರಳಿಸುತ್ತಿತ್ತು. ಸಿ23 ಮಾನಕ ಅದನ್ನೂ ಮುಚ್ಚಿದೆ.